ಬೆನ್ನು ಬಿಡಿ, ಬಾಯಿ ನೋಡಿ: ಕೈಲಿರುವ ಸಮುದ್ರದ ಚಿಪ್ಪು ಯಾವುದು ಅಂತ ಗುರುತಿಸೋದು

ಅಪ್ಪನ ಕಾಲದ ಕವಡೆ ಪಟ್ಟಿಯೊಂದು ನಮ್ಮ ಮನೆ ಅಟ್ಟದಲ್ಲಿತ್ತು. ಹಳ್ಳಿಕಾರ್ ಜೋಡಿಯ ಕೊರಳಿಗೆ ಕಟ್ಟುತ್ತಿದ್ದದ್ದು. ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಡುವ ಹಿಂದಿನ ದಿನ ಅದನ್ನು ಕೆಳಗಿಳಿಸಿ, ಸೀಗೆಪುಡಿಯಲ್ಲಿ ಉಜ್ಜಿ ತೊಳೆದು, ಜಗಲಿ ಮೇಲೆ ಒಣಗಲು ಹಾಕುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಪಟ್ಟಿಯನ್ನು ಕೇಳುವವರಿಲ್ಲ. ಹೋದ ವರ್ಷ ಅಟ್ಟ ಗುಡಿಸುವಾಗ ಕೈಗೆ ಸಿಕ್ಕಿತು. ಚರ್ಮ ಒಣಗಿ ಸೀಳಿತ್ತು. ಕವಡೆ ಮಾತ್ರ ಹಾಗೇ ಇದ್ದವು.

ಅದೇ ಜಗಲಿ ಮೇಲೆ ಕೂತು ಎಣಿಸಿದೆ. ಒಟ್ಟು 58. ಮೊದಲು ಎಲ್ಲವೂ ಒಂದೇ ಥರ ಕಂಡವು. ನೋಡ್ತಾ ನೋಡ್ತಾ, ಇಲ್ಲ, ಇದರಲ್ಲಿ ಎರಡು ಜಾತಿ ಇವೆ ಅನ್ನಿಸಿತು. ಆದರೆ ಯಾವುದು ಯಾವುದು? ಪುಸ್ತಕ ತೆಗೆದರೆ, ಮೊಬೈಲಿನಲ್ಲಿ ಹುಡುಕಿದರೆ, ಫೋಟೊಗಳೆಲ್ಲ ಕವಡೆಯ ಬೆನ್ನಿನದ್ದೇ. ನನ್ನ ಕವಡೆಗಳಿಗೆ ಬೆನ್ನೇ ಇಲ್ಲ! ಪಟ್ಟಿ ಮಾಡುವವರು ಬೆನ್ನನ್ನು ಕಲ್ಲಿಗೆ ಉಜ್ಜಿ ತೆಗೆದುಬಿಡುತ್ತಾರೆ. ಚಪ್ಪಟೆಯಾಗಿ ಕೂರಬೇಕು, ದಾರ ಹೋಗಲು ದಾರಿ ಬೇಕು ಅಂತ. ಬಾಯಿ ಹೊರಗೆ ಕಾಣುವ ಹಾಗೆ ಹೊಲಿಯುತ್ತಾರೆ.

ಹಾಗಾಗಿ ನಾನು ಚಿಪ್ಪು ಗುರುತಿಸಲು ಕಲಿತದ್ದು ಬಾಯಿಂದ. ಈಗ ಅನ್ನಿಸುತ್ತದೆ, ಅದೇ ಸರಿಯಾದ ದಾರಿ. ಬೆನ್ನಿನ ಬಣ್ಣ ಬಿಸಿಲಿಗೆ ಹೋಗುತ್ತದೆ, ಅಲೆಗೆ ಸವೆಯುತ್ತದೆ. ಅಂಗಡಿಯವರು ಆಸಿಡ್ ಹಾಕಿ ತೊಳೆಯುತ್ತಾರೆ, ಪಾಲಿಶ್ ಮಾಡುತ್ತಾರೆ, ಬಣ್ಣವನ್ನೂ ಹಚ್ಚುತ್ತಾರೆ. ಬಾಯಿಯ ಆಕಾರ ಅಷ್ಟು ಸುಲಭಕ್ಕೆ ಬದಲಾಗಲ್ಲ. ಚೌಕಾಬಾರ ಆಡುವವರಿಗೆ ಇದು ಹೊಸದೇನಲ್ಲ. ನಾಲ್ಕು ಕವಡೆ ಎಸೆದು ನಾವು ಎಣಿಸೋದು ಮೇಲೆ ಬಿದ್ದ ಬಾಯಿಗಳನ್ನೇ ಅಲ್ವಾ?

ನಮ್ಮ ತುಮಕೂರಿಗೆ ಸಮುದ್ರ ಇಲ್ಲ. ಆದರೂ ಇಲ್ಲಿನ ಮನೆಗಳ ಶೋಕೇಸಿನಲ್ಲಿ, ದೇವರ ಮನೆಯಲ್ಲಿ, ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿ ಸಮುದ್ರದ ಚಿಪ್ಪು ಬೇಕಾದಷ್ಟಿವೆ. ರಾಮೇಶ್ವರದಿಂದ ತಂದದ್ದು, ಮಲ್ಪೆಯಿಂದ ತಂದದ್ದು, ಹನಿಮೂನಿಗೆ ಅಂಡಮಾನ್‌ಗೆ ಹೋದವರು ತಂದದ್ದು. ನನಗೆ ಈ ಹುಚ್ಚು ಹಿಡಿದಿದೆ ಅಂತ ಗೊತ್ತಾದ ಮೇಲೆ ಅಕ್ಕಪಕ್ಕದವರು ಒಂದೊಂದೇ ತಂದು ಕೇಳತೊಡಗಿದರು. ಹೆಚ್ಚಾಗಿ ಅನುಮಾನ ಬರುವ ಜೋಡಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಿದ್ದೇನೆ. ಹೆಚ್ಚುಕಮ್ಮಿ ಎಲ್ಲವೂ ಹವಳದ ದಿಬ್ಬಗಳಲ್ಲಿ ಬದುಕುವ ಬಸವನಹುಳುಗಳ ಮನೆಗಳು. ನಮ್ಮ ಶಂಖ ಒಂದು ಬೇರೆ. ಅದು ಮರಳಿನ ತಳದ್ದು. ಅದನ್ನು ಬಿಟ್ಟರೆ ನಮ್ಮ ಕಡೆಯವರು ಸುಮ್ನಿರಲ್ಲ.

ಮೊದಲು ಹಿಡಿಯುವ ಕ್ರಮ

ಸುರುಳಿ ಸಣ್ಣದಾಗುತ್ತಾ ಹೋಗಿ ಮುಗಿಯುವ ತುದಿಯನ್ನು ಗೋಪುರ ಅಂತ ಕರೆಯೋಣ. ಗೋಪುರ ಮೇಲೆ, ಬಾಯಿ ನಿಮ್ಮ ಕಡೆ. ಹೀಗೆ ಹಿಡಿದರೆ ಬಾಯಿ ಬಲಗಡೆ ಬರಬೇಕು. ಹೆಚ್ಚುಕಮ್ಮಿ ಎಲ್ಲ ಸಮುದ್ರದ ಬಸವನಹುಳುಗಳೂ ಹೀಗೇ. ಎಡಗಡೆ ಬಂತು ಅಂದರೆ ಚಿಪ್ಪು ಅಪರೂಪದ್ದು, ಇಲ್ಲ ಫೋಟೊ ತಿರುಗುಮುರುಗಾಗಿದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದು ಕಳಿಸಿ ನನ್ನನ್ನು ದಾರಿ ತಪ್ಪಿಸಿದವರು ಇದ್ದಾರೆ. ದೊಡ್ಡವರಿಗೂ ಹೀಗಾಗಿದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಒಂದು ಮಾರ್ಬಲ್ ಕೋನ್ ಚಿಪ್ಪನ್ನು ತಗಡಿನ ಮೇಲೆ ಇದ್ದ ಹಾಗೇ ಕೆತ್ತಿದ. ಅಚ್ಚು ಹಾಕಿದಾಗ ಸುರುಳಿ ಉಲ್ಟಾ ಬಂತು. ಸಹಿಯನ್ನು ಮಾತ್ರ ಉಲ್ಟಾ ಕೆತ್ತಿದ್ದ, ಹಾಗಾಗಿ ಅದು ಸರಿಯಾಗಿದೆ.

ಆಮೇಲೆ ಬಾಯೊಳಗೆ ಬೆಳಕು ಬಿಡಿ. ಒಳಗೆ ಮುತ್ತಿನ ಹಾಗೆ ಬಣ್ಣ ಬಣ್ಣ ಮಿಂಚುತ್ತದಾ, ಇಲ್ಲ ಪಿಂಗಾಣಿ ಬಟ್ಟಲಿನ ಥರ ಇದೆಯಾ? ಬಾಯಿಯ ಕೆಳತುದಿಯಲ್ಲಿ ಕಚ್ಚು ಅಥವಾ ಕೊಳವೆ ಇದೆಯಾ? ತುಟಿಯಲ್ಲಿ ಹಲ್ಲಿದೆಯಾ? ಒಳಗಿನ ನಡುಗಂಬದ ಮೇಲೆ, ಅಂದರೆ ಸುರುಳಿ ಸುತ್ತಿಕೊಂಡಿರುವ ನಡುವಿನ ಕಂಬದ ಮೇಲೆ, ಮಡಿಕೆ ಇದೆಯಾ? ಇಷ್ಟು ನೋಡಿದರೆ ಮುಕ್ಕಾಲು ಕೆಲಸ ಆಯಿತು. ಬಣ್ಣವನ್ನು ಕೊನೆಗೆ ನೋಡಿ.

ಕವಡೆಗಳು

ಕವಡೆಗೆ ಗೋಪುರ ಕಾಣಲ್ಲ. ಕೊನೆಯ ಸುತ್ತು ಬೆಳೆದು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಬಾಯಿ ಉದ್ದಕ್ಕೆ ಸೀಳಿದ ಹಾಗೆ, ಎರಡೂ ತುಟಿಗೆ ಹಲ್ಲು. ಬಾಯಿಗೆ ಮುಚ್ಚಳ ಇರಲ್ಲ. ಹುಳು ಜೀವಂತ ಇರುವಾಗ ಅದರ ಮೈಚರ್ಮ ಹೊರಗೆ ಬಂದು ಎರಡೂ ಕಡೆಯಿಂದ ಚಿಪ್ಪನ್ನು ಹೊದ್ದುಕೊಳ್ಳುತ್ತದೆ. ಆ ಮೈಯೇ ಚಿಪ್ಪಿಗೆ ಹೊಳಪಿನ ಪದರ ಹಾಕೋದು. ಅದಕ್ಕೇ ಕವಡೆಗೆ ಯಾರೂ ಪಾಲಿಶ್ ಮಾಡದಿದ್ದರೂ ಅಷ್ಟು ನುಣುಪು.

ನಮ್ಮ ಪಟ್ಟಿಯಲ್ಲಿದ್ದ ಎರಡು ಜಾತಿ ಯಾವುವು ಅಂತ ಕೊನೆಗೆ ಗೊತ್ತಾಯಿತು. ಒಂದು ಹಣದ ಕವಡೆ, ಮೊನೆಟೇರಿಯಾ ಮೊನೆಟಾ. ಇನ್ನೊಂದು ಉಂಗುರದ ಕವಡೆ, ಮೊನೆಟೇರಿಯಾ ಆನ್ಯುಲಸ್. ಎರಡಕ್ಕೂ 1758ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ವಿಜ್ಞಾನಿ ಲಿನೇಯಸ್. ಎರಡೂ ಸಾಮಾನ್ಯವಾಗಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಬೆನ್ನು ಇದ್ದರೆ ಸುಲಭ: ಉಂಗುರದ ಕವಡೆಯ ಬೂದು ಬೆನ್ನಿನ ಸುತ್ತ ಕಿತ್ತಳೆ ಬಣ್ಣದ ಗೆರೆ ಉಂಗುರ ಬರೆದ ಹಾಗಿರುತ್ತದೆ. ಹಣದ ಕವಡೆ ಹಳದಿ. ಆದರೆ ಇಲ್ಲೇ ಒಂದು ಮೋಸ ಇದೆ. ಹಣದ ಕವಡೆಯ ಮೇಲೂ ಒಮ್ಮೊಮ್ಮೆ ತೆಳ್ಳಗೆ ಉಂಗುರ ಕಾಣುತ್ತದೆ. ಉಂಗುರ ಕಂಡ ತಕ್ಷಣ ಆನ್ಯುಲಸ್ ಅಂದುಬಿಡಬೇಡಿ.

ಮಗುಚಿ ಹಾಕಿ, ಬಾಯಿ ಮೇಲೆ ಮಾಡಿ, ಅಂಚನ್ನು ನೋಡಿ. ಉಂಗುರದ ಕವಡೆ ಮೊಟ್ಟೆ ಥರ, ಬೆರಳಾಡಿಸಿದರೆ ಅಂಚು ಒಂದೇ ಸಮನೆ ನುಣುಪು. ಹಣದ ಕವಡೆಗೆ ಮೂಲೆಗಳಿವೆ. ಒಂದು ತುದಿ ಅಗಲ, ಅಲ್ಲಿ ಅಂಚು ಉಬ್ಬಿ ಗಂಟು ಗಂಟಾಗಿರುತ್ತದೆ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಗೊತ್ತಾಗುತ್ತದೆ. ನಾನು ಪಟ್ಟಿಯ ಕವಡೆಗಳನ್ನು ಬೇರೆ ಮಾಡಿದ್ದು ಹಾಗೇ, ಬೆರಳಿನಿಂದ. 41 ಹಣದ ಕವಡೆ, 15 ಉಂಗುರದ್ದು. ಎರಡು ಕವಡೆಯ ಅಂಚು ಎಷ್ಟು ಸವೆದಿತ್ತೆಂದರೆ ಯಾವುದಕ್ಕೆ ಸೇರಿಸಬೇಕೋ ತಿಳಿಯಲಿಲ್ಲ. ಅವನ್ನು ಬೇರೆ ಇಟ್ಟಿದ್ದೇನೆ.

ಹಣದ ಕವಡೆ ಅಂದರೆ ನಿಜವಾಗಿ ಹಣವೇ ಆಗಿದ್ದದ್ದು. ಮಾಲ್ದೀವ್ಸ್‌ನಿಂದ ಹಡಗುಗಟ್ಟಲೆ ಬಂಗಾಳಕ್ಕೆ ಹೋಗುತ್ತಿತ್ತು, ಆಫ್ರಿಕಾಕ್ಕೂ ಹೋಗುತ್ತಿತ್ತು. 14ನೇ ಶತಮಾನದಲ್ಲಿ ಮಾಲ್ದೀವ್ಸ್‌ನಲ್ಲಿದ್ದ ಇಬ್ನ್ ಬತೂತ ಈ ವ್ಯಾಪಾರವನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. "ಕವಡೆ ಕಾಸಿನ ಬೆಲೆ ಇಲ್ಲ" ಅಂತ ನಾವು ಈಗಲೂ ಅನ್ನುತ್ತೇವೆ. ಆ ಮಾತಿನ ಕವಡೆ ಇದೇ ಗಂಟು ಅಂಚಿನದು.

ಜಾತ್ರೆಗಳಲ್ಲಿ "ನೀಲಿ ಕವಡೆ, ವಿಶೇಷವಾದದ್ದು" ಅಂತ ಜಾಸ್ತಿ ದುಡ್ಡು ಕೇಳುತ್ತಾರೆ. ಅಂಥದ್ದೊಂದು ಜಾತಿ ಅಂತ ಕೊಳ್ಳಬೇಡಿ. ಇವೇ ಎರಡು ಕವಡೆಗಳ ಮೇಲಿನ ಪದರ ಉಜ್ಜಿದರೆ ಒಳಗೆ ನೇರಳೆ ಬಣ್ಣದ ಪದರ ಇದೆ. ಅಲೆಗೆ ಸವೆದರೂ ಅದು ಹೊರಗೆ ಬರುತ್ತದೆ. ಹಾಗೇ ತೀರಾ ಗಾಢ ಹಳದಿ ಕವಡೆ ಸಿಕ್ಕಿದರೆ ಒದ್ದೆ ಹತ್ತಿಯಲ್ಲಿ ಜೋರಾಗಿ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿತು ಅಂದರೆ ಯಾರೋ ಬಣ್ಣ ಹಾಕಿದ್ದಾರೆ. ಕವಡೆಯ ಸ್ವಂತ ಬಣ್ಣ ಹೊಳಪಿನ ಪದರದೊಳಗೆ ಇರುತ್ತದೆ, ಒರೆಸಿದರೆ ಬರಲ್ಲ.

ದೊಡ್ಡ ಕವಡೆಗೆ ಬರೋಣ. ಅಂಗೈ ತುಂಬುವಂಥದ್ದು, ಬಿಳಿ ಮೈಮೇಲೆ ಕಪ್ಪು ಕಂದು ಚುಕ್ಕೆ ಇದ್ದರೆ ಅದು ಟೈಗರ್ ಕವಡೆ, ಸಿಪ್ರಿಯಾ ಟೈಗ್ರಿಸ್. ಹೆಸರು ಹುಲಿಯದ್ದು, ಮೈ ಚಿರತೆಯದ್ದು. ಚುಕ್ಕೆಗಳ ಅಂಚು ನೀರಿಗೆ ಬಿದ್ದ ಶಾಯಿ ಥರ ಸ್ವಲ್ಪ ಹರಡಿರುತ್ತದೆ. 15 ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಚುಕ್ಕೆ ಇರುವ ಸಣ್ಣ ಕವಡೆ ಸಿಕ್ಕಿದಾಗ ಎಲ್ಲರೂ "ಇದು ಟೈಗರ್ ಮರಿ" ಅನ್ನುತ್ತಾರೆ. ಬಾಯಿ ನೋಡಿ. ಹಲ್ಲಿನ ಸಂದುಗಳಲ್ಲಿ ಕುಂಕುಮ ಸವರಿದ ಹಾಗೆ ಕೆಂಪು ಕಿತ್ತಳೆ ಬಣ್ಣ ಇದ್ದರೆ ಅದು ಲಿಂಕ್ಸ್ ಕವಡೆ, ಬೇರೆಯದೇ ಜಾತಿ. ಟೈಗರ್ ಕವಡೆಯ ಹಲ್ಲು, ಸಂದು ಎಲ್ಲ ಬೆಳ್ಳಗೆ. ಈ ಒಂದು ಗುರುತು ನನಗೆ ತುಂಬಾ ಇಷ್ಟ. ಬೆನ್ನು ನೋಡಿ ಹತ್ತು ನಿಮಿಷ ಚರ್ಚೆ ಮಾಡುವುದು ಮಗುಚಿದರೆ ಒಂದು ಕ್ಷಣಕ್ಕೆ ಮುಗಿಯುತ್ತದೆ.

ಇನ್ನು ಕವಡೆ ಮರಿ ಹೇಗಿರುತ್ತದೆ ಗೊತ್ತಾ? ಅಪ್ಪ ಅಮ್ಮನ ಹೋಲಿಕೆಯೇ ಇರಲ್ಲ. ಚಿಪ್ಪು ತೆಳ್ಳಗೆ, ಬಾಯಿ ಅಗಲ, ಹಲ್ಲಿಲ್ಲ, ತುದಿಯಲ್ಲಿ ಸಣ್ಣ ಗೋಪುರವೂ ಕಾಣುತ್ತದೆ. ಬೆಳವಣಿಗೆ ಮುಗಿಯುವಾಗ ಹೊರತುಟಿ ಒಳಗೆ ಮಡಚಿಕೊಂಡು ದಪ್ಪಗಾಗುತ್ತದೆ, ಆಮೇಲೆ ಹಲ್ಲು. ಅಂದರೆ ಎರಡೂ ತುಟಿಗೆ ಪೂರ್ತಿ ಹಲ್ಲಿರುವ ಸಣ್ಣ ಕವಡೆ ದೊಡ್ಡದರ ಮರಿ ಆಗಿರಲು ಸಾಧ್ಯವೇ ಇಲ್ಲ. ಅದು ಬೆಳೆದು ನಿಂತದ್ದು.

ಬೆನ್ನ ಮೇಲೆ ಮೋಡಿ ಅಕ್ಷರದಂಥ ಗೀಚು ಇರುವುದು ಅರೇಬಿಕಾ ಕವಡೆ. ಅದರ ಹೊಟ್ಟೆ ತಿಳಿ ಬಣ್ಣ, ಹಲ್ಲು ಕಂದು. ಅದೇ ಗಾತ್ರದ, ಬೆನ್ನು ಎತ್ತರಕ್ಕೆ ಗೂನಾಗಿರುವ, ಹೊಟ್ಟೆ ಕೂಡ ಚಾಕೊಲೇಟಿನ ಹಾಗೆ ಕಡುಕಂದಾಗಿರುವುದು ಮಾರಿಷಿಯಾನಾ. ಪೂರ್ತಿ ಹಾಲಿನಂಥ ಬಿಳಿ ಕವಡೆ ಸಿಕ್ಕಿದರೆ ಬಿಸಿಲಿಗೆ ಬಿಳಿಚಿದ ಕವಡೆಯೋ, ಮೊಟ್ಟೆ ಕವಡೆಯೋ ಅಂತ ನೋಡಬೇಕು. ಮೊಟ್ಟೆ ಕವಡೆ, ಅಂದರೆ ಓವುಲಾ ಓವಮ್, ಹೊರಗೆ ಬಿಳಿ, ಬಾಯೊಳಗೆ ಕೆಂಪು ಕಂದು. ಹಲ್ಲು ಹೊರತುಟಿಗೆ ಮಾತ್ರ. ಅದು ನಿಜವಾದ ಕವಡೆಯ ಮನೆತನದ್ದಲ್ಲ, ದಾಯಾದಿ. ಮೆದು ಹವಳಗಳ ಮೇಲೆ ಬದುಕುತ್ತದೆ.

ಕೋನ್ ಮತ್ತು ಸ್ಟ್ರೊಂಬಸ್: ಇಲ್ಲಿ ತಪ್ಪಬಾರದು

ಉಳಿದ ಜೋಡಿಗಳಲ್ಲಿ ತಪ್ಪಿದರೆ ಹೆಸರು ತಪ್ಪುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಜೀವಕ್ಕೆ ಅಪಾಯ. ಅಂಡಮಾನ್‌ಗೋ ಲಕ್ಷದ್ವೀಪಕ್ಕೋ ಹೊರಟವರಿಗೆ ನಾನು ಇದನ್ನು ಕೂರಿಸಿಕೊಂಡು ಹೇಳುತ್ತೇನೆ.

ಕೋನ್ ಚಿಪ್ಪು ಐಸ್‌ಕ್ರೀಮ್ ಕೋನಿನ ಆಕಾರ. ಅಗಲದ ಕಡೆ ಗೋಪುರ, ಅದೂ ತಗ್ಗು, ಕೆಲವಕ್ಕೆ ಪೂರ್ತಿ ಚಪ್ಪಟೆ. ಬಾಯಿ ಮೇಲಿಂದ ಕೆಳಗಿನವರೆಗೆ ಕಿರಿದಾದ ಸೀಳು. ತುಟಿಯಲ್ಲಿ ಹಲ್ಲಿಲ್ಲ, ನಡುಗಂಬದ ಮೇಲೆ ಮಡಿಕೆಯಿಲ್ಲ. ಒಳಗಿರುವ ಹುಳು ಬೇಟೆಗಾರ. ಟೊಳ್ಳಾದ ಈಟಿಯಂಥ ಹಲ್ಲನ್ನು ಚುಚ್ಚಿ ವಿಷ ಬಿಡುತ್ತದೆ. ಮೀನು ತಿನ್ನುವ ಜಿಯಾಗ್ರಫಸ್ ಕೋನ್ ಚುಚ್ಚಿ ಮನುಷ್ಯರು ಸತ್ತಿದ್ದಾರೆ. ಇದರ ವಿಷಕ್ಕೆ ಪ್ರತಿವಿಷ ಇಲ್ಲ. "ಅಗಲದ ಕಡೆ ಹಿಡಿದರೆ ಏನೂ ಆಗಲ್ಲ" ಅಂತ ಕೆಲವರು ಧೈರ್ಯ ಹೇಳುತ್ತಾರೆ. ನಂಬಬೇಡಿ. ಅದರ ಸೊಂಡಿಲು ಉದ್ದಕ್ಕೆ ಚಾಚಿಕೊಂಡು ಹಿಂದಕ್ಕೂ ತಿರುಗುತ್ತದೆ. ಜೇಬಿಗೆ, ಬ್ಯಾಗಿಗೆ, ಮಗುವಿನ ಬಕೆಟ್ಟಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಇದೇ ವಿಷದಿಂದ ಒಳ್ಳೆಯದೂ ಬಂದಿದೆ. ಕೋನಸ್ ಮೇಗಸ್ ಅನ್ನುವ ಜಾತಿಯ ವಿಷದಲ್ಲಿದ್ದ ಒಂದು ಅಂಶವನ್ನು ನೋಡಿಕೊಂಡು ಜಿಕೊನೊಟೈಡ್ ಅನ್ನುವ ನೋವಿನ ಔಷಧಿ ತಯಾರಿಸಿದರು. ಅಮೆರಿಕದಲ್ಲಿ 2004ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಕೋನ್ ಥರವೇ ಕಾಣುವ ಸಾಧು ಹುಳುವೊಂದಿದೆ, ಸ್ಟ್ರೊಂಬಸ್ ಮನೆತನದ್ದು. ಅಂಗಡಿಗಳಲ್ಲಿ ಸಿಗುವ ಕೆಂಪು ಬಾಯಿಯ ಲುಹುವಾನಸ್ ಅಂತೂ ದೂರದಿಂದ ಥೇಟ್ ಕೋನ್. ನನ್ನ ಚಿಕ್ಕಮ್ಮನ ಮನೆಯ ಶೋಕೇಸಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು, ವರ್ಷಗಟ್ಟಲೆ ಒಂದೇ ಜಾತಿ ಅಂದುಕೊಂಡಿದ್ದೆ. ಒಂದು ಸಂಜೆ ಎರಡನ್ನೂ ಕಿಟಕಿ ಬೆಳಕಿಗೆ ತಂದು ಹೊರತುಟಿಯ ಅಂಚನ್ನು ಕೆಳಗಿನವರೆಗೆ ನೋಡುತ್ತಾ ಹೋದೆ. ಕೋನಿನ ಅಂಚು ನೇರ, ಬ್ಲೇಡಿನ ಹಾಗೆ. ಇನ್ನೊಂದರಲ್ಲಿ ಕೆಳತುದಿಗೆ ಸ್ವಲ್ಪ ಮೇಲೆ ಅಂಚು ಅಲೆಯ ಥರ ಒಳಗೆ ಬಾಗಿ ಒಂದು ಕಚ್ಚು ಮಾಡಿತ್ತು. ಆ ಕಚ್ಚು ಸ್ಟ್ರೊಂಬಸ್‌ನ ಕಿಟಕಿ. ಹುಳು ತನ್ನ ಬಲಗಣ್ಣನ್ನು ಕಡ್ಡಿಯ ಮೇಲೆ ಚಾಚಿ ಅಲ್ಲಿಂದ ಹೊರಗೆ ಇಣುಕುತ್ತದೆ. ಒಳಗಿನ ನಡುಗಂಬದ ಅಂಚು ಕಪ್ಪಗೆ, ಬಾಯಿ ಕೆಂಪಗೆ. ಕೋನಿಗೆ ಇದ್ಯಾವುದೂ ಇಲ್ಲ.

ಕೋನ್‌ಗಳಲ್ಲೇ ಮೂರನ್ನು ಬೇರೆ ಮಾಡಲು ಬಂದರೆ ಸಾಕು. ಜಿಯಾಗ್ರಫಸ್ ಗಾತ್ರಕ್ಕೆ ಹೋಲಿಸಿದರೆ ತೂಕವೇ ಇಲ್ಲ, ಚಿಪ್ಪು ತೆಳ್ಳಗೆ. ಬಾಯಿ ಕೆಳಗೆ ಹೋಗುತ್ತಾ ಅಗಲವಾಗುತ್ತದೆ. ಕೋನ್‌ಗಳಲ್ಲಿ ಅಗಲ ಬಾಯಿ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಗೋಪುರದ ಸುತ್ತ ಕಿರೀಟದ ಹಾಗೆ ಸಣ್ಣ ಗುಬುಟುಗಳಿರುತ್ತವೆ. ಟೆಕ್ಸ್‌ಟೈಲ್ ಕೋನಿಗೆ ಕಿರೀಟ ಇಲ್ಲ, ಹೊಟ್ಟೆ ಸ್ವಲ್ಪ ಉಬ್ಬು, ಮೈತುಂಬಾ ಕಂದು ಗೆರೆಯ ಬಿಳಿ ಗುಡಾರಗಳನ್ನು ಒತ್ತೊತ್ತಾಗಿ ನೇಯ್ದ ಹಾಗೆ. ಇದೂ ಅಪಾಯದ್ದೇ. ಮಾರ್ಬಲ್ ಕೋನ್ ಭಾರ, ಬದಿಗಳು ನೇರ, ಕಪ್ಪು ಮೈಮೇಲೆ ಬಿಳಿ ತ್ರಿಕೋನಗಳು, ಕಿರೀಟ ಇದೆ. ನೀರಲ್ಲಿ ಇರುವಾಗ ಇಷ್ಟೆಲ್ಲ ನೋಡುತ್ತಾ ನಿಲ್ಲಬೇಡಿ. ಕೋನ್ ಆಕಾರ ಕಂಡಿತಾ, ಕೈ ಹಿಂದಕ್ಕೆ.

ಬೆರಳಿರುವ ಶಂಖ: ಎಣಿಸಿ ಹೇಳಿ

ರಾಮೇಶ್ವರದಿಂದ ಬಂದವರ ಮನೆಯಲ್ಲಿ ಬೆರಳುಬೆರಳಾಗಿರುವ ಚಿಪ್ಪೊಂದು ಇದ್ದೇ ಇರುತ್ತದೆ. ಹೆಚ್ಚಿನ ಸಲ ಅದರ ಮೇಲೆ ಹೆಸರು ಕೆತ್ತಿಸಿರುತ್ತಾರೆ. ತಮಿಳಿನಲ್ಲಿ ಐವಿರಲ್ ಸಂಗು, ಐದು ಬೆರಳಿನ ಶಂಖ. ಶಾಸ್ತ್ರದ ಹೆಸರು ಲ್ಯಾಂಬಿಸ್ ಲ್ಯಾಂಬಿಸ್. ಇದೂ ಸ್ಟ್ರೊಂಬಸ್‌ನ ನೆಂಟ, ತುಟಿಯಲ್ಲಿ ಅದೇ ಕಚ್ಚು ಇದೆ, ಹುಡುಕಿ ನೋಡಿ.

ಹೆಸರಲ್ಲಿ ಐದಿದ್ದರೂ ಹೊರತುಟಿಯ ಅಂಚಿನಲ್ಲಿರುವುದು ಆರು ಬೆರಳು. ಕೆಳಗಿನ ಕೊಳವೆ ಬೇರೆ. ಎರಡನ್ನೂ ಸೇರಿಸಿ ಎಣಿಸಿದರೆ ಏಳು. ಕೊಳವೆ ಸೇರಿಸಿ ಆರೇ ಇದ್ದು, ಬೆರಳುಗಳು ದಪ್ಪಗೆ ಬೇರೆ ಬೇರೆ ದಿಕ್ಕಿಗೆ ಕೊಕ್ಕೆಯ ಹಾಗೆ ಬಾಗಿದ್ದರೆ ಅದು ಹಾರ್ಪಾಗೊ ಕಿರಾಗ್ರಾ. ಒಂಬತ್ತು ಸಣ್ಣ ಬೆರಳಿದ್ದು ಬಾಯೊಳಗೆ ನೇರಳೆ ಗೆರೆಗಳಿದ್ದರೆ ಮಿಲಿಪೀಡಾ. ಬಾಯಿ ಕಿತ್ತಳೆ, ಬೆರಳು ಸಪೂರ ಅಂದರೆ ಕ್ರೊಕಾಟಾ. ಒಂದಡಿ ಉದ್ದ, ಗೋಪುರದ ತುದಿ ಕತ್ತರಿಸಿದ ಹಾಗೆ ಚಪ್ಪಟೆ ಇದ್ದರೆ ಟ್ರಂಕಾಟಾ.

ಎಣಿಕೆ ಎರಡು ಕಡೆ ಕೈಕೊಡುತ್ತದೆ. ಬೆರಳು ಮುರಿದಿದ್ದರೆ, ಮತ್ತು ಚಿಪ್ಪು ಎಳೆಯದಿದ್ದರೆ. ಎಳೆಯ ಲ್ಯಾಂಬಿಸ್‌ಗೆ ಬೆರಳೇ ಇರಲ್ಲ, ಅಗಲ ತುಟಿಯೂ ಇರಲ್ಲ. ನೋಡಲು ಸಾಧಾರಣ ಸ್ಟ್ರೊಂಬಸ್. ಬೆಳೆದ ಲ್ಯಾಂಬಿಸ್‌ನಲ್ಲಿ ಇನ್ನೊಂದು ಸೊಗಸಿದೆ. ಹೆಣ್ಣು ಗಂಡಿಗಿಂತ ದೊಡ್ಡದು, ಅದರ ಬೆರಳುಗಳು ಉದ್ದ, ತುದಿ ಬೆನ್ನಿನ ಕಡೆಗೆ ಬಾಗಿರುತ್ತವೆ. ಗಂಡಿನವು ಮೊಟಕು. ಶೋಕೇಸಿನಲ್ಲಿ ಎರಡು ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಜಾತಿಯ ಗಂಡ ಹೆಂಡತಿ ಇದ್ದರೂ ಇರಬಹುದು.

ಒಳಗೆ ಮುತ್ತಿನ ಹೊಳಪು ಕಂಡರೆ

ಇದು ಸುಲಭದ ಭಾಗ. ಬಾಯಿ ದುಂಡಗೆ, ಕೆಳಗೆ ಕಚ್ಚಿಲ್ಲ, ಒಳಗೆ ಮುತ್ತಿನ ಮಿಂಚು ಇದ್ದರೆ ಬಹುಮಟ್ಟಿಗೆ ಟ್ರೋಕಸ್ ಇಲ್ಲ ಟರ್ಬನ್. ಎರಡೂ ಪಾಚಿ ತಿನ್ನುವಂಥವು. ಮೇಜಿನ ಮೇಲೆ ಇಡಿ. ಬುಡ ಚಪ್ಪಟೆಯಾಗಿ ಬುಗುರಿ ಮಗುಚಿಟ್ಟ ಹಾಗೆ ಕೂತರೆ ಟ್ರೋಕಸ್. ಬಿಳಿ ಮೈಮೇಲೆ ಕೆಂಗಂದು ಪಟ್ಟೆ, ಬುಡದಲ್ಲಿ ಹೊಕ್ಕಳಿನಂಥ ಗುಳಿ. ಒಂದು ಕಾಲದಲ್ಲಿ ಅಂಗಿಯ ಮುತ್ತಿನ ಗುಂಡಿಗಳನ್ನು ಇದರಿಂದಲೇ ಕೊರೆಯುತ್ತಿದ್ದರು. ದುಂಡಗೆ ಉರುಳಿ, ಸುತ್ತಿದ ಪೇಟದ ಹಾಗೆ ಕಂಡರೆ ಟರ್ಬನ್.

ಮುಚ್ಚಳ ಸಿಕ್ಕಿದ್ದರೆ ಅನುಮಾನವೇ ಬೇಡ. ಟ್ರೋಕಸ್‌ನ ಮುಚ್ಚಳ ತೆಳ್ಳಗೆ, ಕಂದು, ಉಗುರಿನ ಹಾಗೆ ಬಾಗುತ್ತದೆ. ಟರ್ಬನ್‌ನದು ಕಲ್ಲಿನಂತೆ ಗಟ್ಟಿ, ಒಂದು ಕಡೆ ಗುಬ್ಬಿಯಾಗಿ ಉಬ್ಬಿರುತ್ತದೆ. ಟರ್ಬೊ ಪೆಥೊಲೇಟಸ್‌ನ ಮುಚ್ಚಳದ ನಡುವೆ ಹಸಿರು ಬಣ್ಣ ಇರುತ್ತದೆ, ಬೆಕ್ಕಿನ ಕಣ್ಣು ಅಂತ ಉಂಗುರಕ್ಕೆ ಕೂರಿಸುತ್ತಾರೆ. ವೈಡೂರ್ಯ ಅಂತ ಯಾರಾದರೂ ಮಾರಿದರೆ ಹಿಂಬದಿ ತಿರುಗಿಸಿ ನೋಡಿ. ಚಪ್ಪಟೆ ಹಿಂಬದಿಯಲ್ಲಿ ಸುರುಳಿ ಗೆರೆ ಕಾಣುತ್ತದೆ. ಕಲ್ಲಿಗೆ ಸುರುಳಿ ಬರಲ್ಲ.

ಬಲಮುರಿ ಶಂಖ: ನಡುಗಂಬ ನೋಡದೆ ದುಡ್ಡು ಕೊಡಬೇಡಿ

ನಮ್ಮ ದಾಸಯ್ಯನವರು ಊದುವ, ದೇವರ ಮನೆಯಲ್ಲಿ ಇಡುವ ಶಂಖ ಟರ್ಬಿನೆಲ್ಲಾ ಪೈರಮ್. ರಾಮೇಶ್ವರ, ತೂತುಕುಡಿ ಕಡೆಯ ಸಮುದ್ರದ್ದು. ದಪ್ಪ, ಭಾರ. ಗೋಪುರ ಮೇಲೆ ಹಿಡಿದರೆ ಉಳಿದವುಗಳ ಹಾಗೆ ಇದರ ಬಾಯೂ ಬಲಗಡೆ. ಇದು ಎಡಮುರಿ ಶಂಖ, ಸಾಮಾನ್ಯವಾಗಿ ಸಿಗುವುದು.

ಗೊಂದಲ ಆಗ್ತಿದೆಯಾ? ನನಗೂ ಆಗಿತ್ತು. ಪೂಜೆಯ ಲೆಕ್ಕದಲ್ಲಿ ಶಂಖವನ್ನು ಕೊಳವೆಯ ತುದಿ ಮೇಲೆ ಮಾಡಿ ನೋಡುತ್ತಾರೆ. ಹಾಗೆ ತಲೆಕೆಳಗು ಮಾಡಿದರೆ ಬಲಗಡೆ ಇದ್ದ ಬಾಯಿ ಎಡಕ್ಕೆ ಹೋಗುತ್ತದೆ. ಅದಕ್ಕೇ ವಿಜ್ಞಾನದವರ ಎಡಸುರುಳಿ ನಮಗೆ ಬಲಮುರಿ. ಇಂಥ ಶಂಖ ಹುಟ್ಟುವುದು ಬಹಳ ಅಪರೂಪ, ಬೆಲೆಯೂ ಹಾಗೇ.

ನಮ್ಮ ಬೀದಿಯ ಹಿರಿಯರೊಬ್ಬರು ಯಾತ್ರೆಗೆ ಹೋದಾಗ ಒಂದು ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಬಲಮುರಿ ಶಂಖ ತಂದರು. ಕೆಂಪು ಮಖಮಲ್ಲಿನ ಪೆಟ್ಟಿಗೆ, ಜೊತೆಗೆ ಒಂದು ಸರ್ಟಿಫಿಕೇಟು. ನನ್ನ ಕೈಗೆ ಕೊಟ್ಟರು. ಸುರುಳಿ ನಿಜಕ್ಕೂ ಬಲಮುರಿಯೇ. ಆದರೆ ಹಗುರ ಅನ್ನಿಸಿತು. ಭುಜದ ಮೇಲೆ ಸಾಲು ಗುಬುಟುಗಳು, ಕೊಳವೆ ಉದ್ದಕ್ಕೆ ಸಪೂರ. ಮೊಬೈಲ್ ಟಾರ್ಚ್ ಹಾಕಿ ಬಾಯೊಳಗೆ ನಡುಗಂಬ ನೋಡಿದೆ. ನುಣ್ಣಗಿತ್ತು. ಮಡಿಕೆಯೇ ಇಲ್ಲ.

ನಿಜವಾದ ಶಂಖದ ನಡುಗಂಬದ ಮೇಲೆ ಮೂರೋ ನಾಲ್ಕೋ ಗಟ್ಟಿ ಮಡಿಕೆ ಇರುತ್ತದೆ, ಎಡಮುರಿಯಾಗಲಿ ಬಲಮುರಿಯಾಗಲಿ. ಬೆರಳು ಹಾಕಿದರೆ ಮೆಟ್ಟಿಲಿನ ಹಾಗೆ ಸಿಗುತ್ತದೆ. ಅವರ ಕೈಲಿದ್ದದ್ದು ಅಮೆರಿಕದ ಕರಾವಳಿಯ ಲೈಟ್ನಿಂಗ್ ವೆಲ್ಕ್. ಆ ಜಾತಿಗೆ ಎಡಸುರುಳಿಯೇ ಸಹಜ, ಅಲ್ಲಿ ರಾಶಿ ರಾಶಿ ಸಿಗುತ್ತದೆ. ಮೈಮೇಲಿನ ಮಿಂಚಿನಂಥ ಕಂದು ಪಟ್ಟೆಗಳನ್ನು ಉಜ್ಜಿ ಬೆಳ್ಳಗೆ ಮಾಡಿದರೆ ಯಾರಿಗೆ ಗೊತ್ತಾಗಬೇಕು? ಹೇಳುವಾಗ ನನಗೆ ಗಂಟಲು ಕಟ್ಟಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಂಖದಿಂದ ಬಂದದ್ದೇ ತೀರ್ಥ ಬಿಡಪ್ಪ" ಅಂದರು. ಪೂಜೆಗೆ ಇಟ್ಟುಕೊಂಡಿದ್ದಾರೆ. ಆದರೆ ಆ ದುಡ್ಡು ಅವರ ಪಿಂಚಣಿಯದ್ದು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆದೆ.

ಮನೆಗೆ ತರಬಾರದವು

ದೊಡ್ಡ ಚಿಪ್ಪುಗಳಲ್ಲಿ ಗುರುತು ಹಿಡಿಯುವುದು ಕೊಳ್ಳದೇ ಇರಲಿಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಹಲವು ಸಮುದ್ರ ಚಿಪ್ಪುಗಳನ್ನು ಸೇರಿಸಿದರು. ಟ್ರೈಟನ್, ಅಂದರೆ ಕಾರೋನಿಯಾ ಟ್ರೈಟೋನಿಸ್, ಅದರಲ್ಲಿ ಮುಖ್ಯವಾದದ್ದು. ಕೊಂಬಿನ ಹೆಲ್ಮೆಟ್ ಚಿಪ್ಪು ಇನ್ನೊಂದು. ಟ್ರೋಕಸ್, ದೊಡ್ಡ ಹಸಿರು ಟರ್ಬನ್, ಕಿರಾಗ್ರಾ, ಟ್ರಂಕಾಟಾ ಕೂಡ ಆಗ ಪಟ್ಟಿಗೆ ಸೇರಿದವು.

ಟ್ರೈಟನ್ ಅರ್ಧ ಮೀಟರ್‌ವರೆಗೆ ಬೆಳೆಯುತ್ತದೆ. ಮೈಮೇಲೆ ಗೌಜುಗನ ಹಕ್ಕಿಯ ಗರಿಯಂಥ ಕಂದು ಚಿತ್ತಾರ, ಬಾಯಿ ಕಿತ್ತಳೆ, ನಡುಗಂಬದ ಮೇಲೆ ಕಪ್ಪು ಬಿಳಿ ಗೆರೆ. ಹವಳವನ್ನು ಮೇಯ್ದು ಹಾಳುಮಾಡುವ ಮುಳ್ಳಿನ ಕಿರೀಟದ ನಕ್ಷತ್ರ ಮೀನನ್ನು ಹಿಡಿದು ತಿನ್ನುವ ಕೆಲವೇ ಜೀವಿಗಳಲ್ಲಿ ಇದೊಂದು. ಒಂದು ಶೋಕೇಸಿಗೆ ಬಂತು ಅಂದರೆ ಅಲ್ಲಿ ದಿಬ್ಬಕ್ಕೆ ಒಬ್ಬ ಕಾವಲುಗಾರ ಕಮ್ಮಿ. ಇದನ್ನು ಹೋಲುವುದು ಕಪ್ಪೆ ಶಂಖ, ಬರ್ಸಾ ಮನೆತನ. ಅದಕ್ಕೆ ಬಾಯಿಯ ಮೇಲ್ತುದಿಯಲ್ಲೂ ಒಂದು ಕಾಲುವೆ ಇರುತ್ತದೆ, ಟ್ರೈಟನ್‌ಗೆ ಇಲ್ಲ. ಹೆಲ್ಮೆಟ್‌ಗಳಲ್ಲಿ ಬೂದು ಬಿಳಿ, ಕೊಂಬಿನ ಗುಬುಟಿನದು ಕ್ಯಾಸಿಸ್ ಕಾರ್ನುಟಾ. ಕೆಂಪು ಕಿತ್ತಳೆ, ಗೂಳಿಯ ಬಾಯಿಯಂಥದ್ದು ಸಿಪ್ರಿಕ್ಯಾಸಿಸ್ ರೂಫಾ. ಎರಡೂ ಪಟ್ಟಿಯಲ್ಲಿವೆ.

ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ 1986ರಿಂದ ಇದೆ. ಅಲ್ಲಿಂದ ಖಾಲಿ ಚಿಪ್ಪನ್ನೂ ಎತ್ತಬೇಡಿ. ಬೇರೆ ದಡದಲ್ಲೂ ಎತ್ತುವ ಮುಂಚೆ ಒಳಗೆ ನೋಡಿ. ಎಷ್ಟೋ ಚಿಪ್ಪಿನೊಳಗೆ ಸನ್ಯಾಸಿ ಏಡಿ ಬಾಡಿಗೆಗೆ ಕೂತಿರುತ್ತದೆ.

ಮನೆಯಲ್ಲಿರುವ ಹಳೆಯ ಚಿಪ್ಪನ್ನು ಗುರುತಿಸಲು ಯಾರಿಗಾದರೂ ಫೋಟೊ ಕಳಿಸುವುದಾದರೆ ನಾಲ್ಕು ತೆಗೆಯಿರಿ. ಬಾಯಿ ಮೇಲೆ ಮಾಡಿ ಒಂದು, ಬೆನ್ನಿನದೊಂದು, ಗೋಪುರವನ್ನು ನೇರ ಮೇಲಿಂದ ಒಂದು, ನಡುಗಂಬಕ್ಕೆ ಟಾರ್ಚ್ ಬಿಟ್ಟು ಒಂದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿಲಿಮೀಟರ್. ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ.

ಪಟ್ಟಿಯಿಂದ ಬೇರೆ ಇಟ್ಟ ಆ ಎರಡು ಕವಡೆ ಇನ್ನೂ ನನ್ನ ಮೇಜಿನ ಮೇಲಿವೆ. ಒಂದರ ಹಲ್ಲಿನ ಸಂದಿಗೆ ಎಣ್ಣೆಜಿಡ್ಡು ಮಣ್ಣು ಸೇರಿ ಗಟ್ಟಿಯಾಗಿದೆ. ಸೀಗೆಪುಡಿಯಲ್ಲಿ ನೆನೆಹಾಕಿದ್ದೇನೆ. ನಾಳೆ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ನೋಡಬೇಕು.